ಯಾರು ಯಾರಿಗೆ ನೆಂಟರು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜೀವಿಗಳ ವರ್ಗೀಕರಣದ ಬಗ್ಗೆಯೇ ಇವೆ. ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿದವಳಿಗೆ ಇದಕ್ಕಿಂತ ಹೆಚ್ಚಿನ ಸಂತೋಷ ಬೇಕಿಲ್ಲ. ಮಕ್ಕಳು ಈ ಪಾಠವನ್ನು ಬಾಯಿಪಾಠದ ಪಟ್ಟಿಯೆಂದು ತಿಳಿದು ಹೆದರುವುದನ್ನು ಪ್ರತಿ ವರ್ಷವೂ ನೋಡಿ ಸಂಕಟಪಟ್ಟಿದ್ದೇನೆ. ಅದನ್ನು ಒಂದು ದೊಡ್ಡ ಮನೆತನದ ವಂಶಾವಳಿಯೆಂದು ತಿಳಿದು ಓದಿದರೆ ಹೆದರಿಕೆ ಹೋಗುತ್ತದೆ. ನಾನೂ ಹಾಗೆಯೇ ಉತ್ತರಿಸಲು ಹೊರಟಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಪಠ್ಯಪುಸ್ತಕದಲ್ಲಿ ಜೀವಿಗಳಿಗೆ ಐದು ಸಾಮ್ರಾಜ್ಯ ಎಂದಿದೆ. ಅಕ್ಕನ ಕಾಲೇಜು ಪುಸ್ತಕದಲ್ಲಿ ಮೂರು ಡೊಮೈನ್ ಎಂದಿದೆ. ಅಜ್ಜ ತಾವು ಓದಿದ್ದು ಸಸ್ಯ, ಪ್ರಾಣಿ ಎರಡೇ ಎನ್ನುತ್ತಾರೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?
— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ

ಉತ್ತರ: ಪರೀಕ್ಷೆಯಲ್ಲಿ ನಿನ್ನ ಪುಸ್ತಕದಲ್ಲಿರುವ ಐದನ್ನೇ ಬರೆ, ಮಗು. ಅಂಕದ ವಿಷಯ ಅಲ್ಲಿಗೆ ಮುಗಿಯಿತು. ಇನ್ನು ಮುಂದಿನದು ನಿನ್ನ ಕುತೂಹಲಕ್ಕೆ.

ಅಜ್ಜ ಹೇಳುವ ಎರಡು ಗುಂಪುಗಳು ತೀರ ಹಳೆಯವು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1735ರಲ್ಲಿ ‘ಸಿಸ್ಟೆಮಾ ನ್ಯಾಚುರೇ’ ಪ್ರಕಟಿಸಿದಾಗ ಅದರಲ್ಲಿದ್ದದ್ದು ಹತ್ತು ಹನ್ನೆರಡು ದೊಡ್ಡ ಪುಟಗಳು ಮಾತ್ರ. ಅಷ್ಟರಲ್ಲೇ ಆತ ಇಡೀ ಪ್ರಕೃತಿಯನ್ನು ಖನಿಜ, ಸಸ್ಯ, ಪ್ರಾಣಿ ಎಂದು ಮೂರು ಸಾಮ್ರಾಜ್ಯಗಳಾಗಿ ಹಂಚಿದ. ಖನಿಜಕ್ಕೆ ಜೀವವಿಲ್ಲವಾದ್ದರಿಂದ ಜೀವಿಗಳಿಗೆ ಉಳಿದದ್ದು ಎರಡು. ಬೇರೂರಿ ನಿಂತದ್ದು ಸಸ್ಯ, ಓಡಾಡಿ ತಿನ್ನುವುದು ಪ್ರಾಣಿ. ಬರಿಗಣ್ಣಿಗೆ ಕಾಣುವ ಲೋಕಕ್ಕೆ ಇದು ಸಾಕಾಗಿತ್ತು, ಸೂಕ್ಷ್ಮದರ್ಶಕದ ಕೆಳಗೆ ಸಾಕಾಗಲಿಲ್ಲ. ಅಲ್ಲಿ ಕಂಡ ಒಂಟಿಕೋಶದ ಜೀವಿಗಳನ್ನು ಎತ್ತ ಸೇರಿಸುವುದೆಂದು ತಿಳಿಯದೆ ಜರ್ಮನಿಯ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ‘ಪ್ರೊಟಿಸ್ಟಾ’ ಎಂಬ ಮೂರನೆಯ ಗುಂಪು ಮಾಡಿದ. ಆದರೂ ಎರಡರ ರೂಢಿ ಬಿಟ್ಟುಹೋಗಲು ಇನ್ನೂ ನೂರು ವರ್ಷ ಹಿಡಿಯಿತು. ನಾನು ಓದುವ ಕಾಲಕ್ಕೂ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಪಾಠಗಳು ಸಸ್ಯಶಾಸ್ತ್ರದ ಪುಸ್ತಕದಲ್ಲೇ ಇದ್ದವು.

ನಿನ್ನ ಐದು ಸಾಮ್ರಾಜ್ಯಗಳನ್ನು ಕೊಟ್ಟವನು ಅಮೆರಿಕದ ರಾಬರ್ಟ್ ವಿಟೇಕರ್, 1969ರಲ್ಲಿ. ಆತ ಮೊದಲು ನೋಡಿದ್ದು ಜೀವಕೋಶದೊಳಗೆ ಪೊರೆ ಕಟ್ಟಿಕೊಂಡ ಕೋಶಕೇಂದ್ರ ಇದೆಯೇ ಎಂಬುದನ್ನು. ಇಲ್ಲದವು ಮೊನೆರಾ. ಇದ್ದೂ ಬಹುಪಾಲು ಒಂಟಿಕೋಶವಾಗಿರುವವು ಪ್ರೊಟಿಸ್ಟಾ. ಉಳಿದ ಮೂರನ್ನು ಉಣ್ಣುವ ರೀತಿಯಿಂದ ಬೇರ್ಪಡಿಸಿದ: ಬೆಳಕಿನಿಂದ ಅನ್ನ ಮಾಡಿಕೊಳ್ಳುವ ಸಸ್ಯ, ಹೊರಗೇ ಕರಗಿಸಿ ಹೀರುವ ಶಿಲೀಂಧ್ರ, ನುಂಗಿ ಒಳಗೆ ಅರಗಿಸುವ ಪ್ರಾಣಿ. ಎಷ್ಟು ಸರಳ! ಇಂದಿಗೂ ತರಗತಿಯಲ್ಲಿ ಶುರುಮಾಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಅಕ್ಕನ ಪುಸ್ತಕದ ಮೂರು ಡೊಮೈನ್‌ಗಳು, ಅಂದರೆ ಸಾಮ್ರಾಜ್ಯಕ್ಕಿಂತಲೂ ಮೇಲಿನ ದೊಡ್ಡ ಗುಂಪುಗಳು, ಬಂದದ್ದು ಬೇರೆಯೇ ಕೆಲಸದಿಂದ. ಇಲ್ಲಿ ಸ್ವಲ್ಪ ನಿಧಾನವಾಗಿ ಓದು, ಏಕೆಂದರೆ ನನಗೆ ಅತ್ಯಂತ ಪ್ರಿಯವಾದ ಕತೆ ಇದು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಕಾರ್ಲ್ ವೋಸ್‌ಗೆ, ಯಾವ ಜೀವಿ ಏನು ತಿನ್ನುತ್ತದೆ ಎಂಬುದಕ್ಕಿಂತ ಯಾವುದು ಯಾರಿಂದ ಬಂತು ಎಂದು ತಿಳಿಯಬೇಕಿತ್ತು. ಬ್ಯಾಕ್ಟೀರಿಯಾಗಳನ್ನು ನೋಡಿ ಇದನ್ನು ಹೇಳಲಾಗದು. ಗುಂಡಗೆ, ಕಡ್ಡಿಯ ಹಾಗೆ, ಸುರುಳಿಯ ಹಾಗೆ. ಆಕಾರಗಳು ಬಹುಮಟ್ಟಿಗೆ ಇಷ್ಟೇ. ಎಲ್ಲ ಜೀವಿಗಳಲ್ಲಿಯೂ ಇರುವ, ಬಹಳ ನಿಧಾನವಾಗಿ ಬದಲಾಗುವ ಒಂದು ವಸ್ತು ಬೇಕಿತ್ತು. ಅದು ರೈಬೋಸೋಮ್‌ನಲ್ಲಿ ಸಿಕ್ಕಿತು. ಪ್ರೋಟೀನ್ ಕಟ್ಟುವ ಈ ಪುಟ್ಟ ಯಂತ್ರವಿಲ್ಲದೆ ಯಾವ ಜೀವಕೋಶವೂ ಬದುಕದು, ಮತ್ತು ಅದರೊಳಗಿನ ಆರ್‌ಎನ್‌ಎಯಲ್ಲಿ ಅಕ್ಷರಗಳ ಸಾಲೊಂದು ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತ ಬಂದಿದೆ.

ಹಳೆಯ ಕಾವ್ಯವೊಂದರ ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡ ಸಂಪಾದಕರು ಏನು ಮಾಡುತ್ತಾರೆ? ಪಾಠಾಂತರಗಳನ್ನು ಹೋಲಿಸುತ್ತಾರೆ. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪಿದ್ದರೆ, ಅವೆರಡೂ ಒಂದೇ ಮೂಲಪ್ರತಿಯಿಂದ ಇಳಿದವು ಎನ್ನುತ್ತಾರೆ. ವೋಸ್ ಮಾಡಿದ್ದೂ ಅದನ್ನೇ. ಆಗ ಈಗಿನಂತೆ ಸಾಲನ್ನು ನೇರವಾಗಿ ಓದುವ ಯಂತ್ರಗಳಿರಲಿಲ್ಲ. ವಿಕಿರಣಶೀಲ ರಂಜಕ ಸೇರಿಸಿ ಬೆಳೆಸಿದ ಜೀವಿಯ ಆರ್‌ಎನ್‌ಎಯನ್ನು ಕಿಣ್ವದಿಂದ ತುಂಡರಿಸಿ, ತುಂಡುಗಳನ್ನು ಹರಡಿ, ಮೇಲೆ ಎಕ್ಸ್‌-ರೇ ಫಿಲ್ಮ್ ಇಟ್ಟರೆ ಕಪ್ಪು ಚುಕ್ಕೆಗಳು ಮೂಡುತ್ತಿದ್ದವು. ಆ ಫಿಲ್ಮನ್ನು ಬೆಳಕಿನ ಹಲಗೆಯ ಮೇಲೆ ಹಾಸಿ, ಚುಕ್ಕೆ ಚುಕ್ಕೆಯನ್ನೂ ಕಣ್ಣಿನಿಂದಲೇ ಗುರುತಿಸಬೇಕಿತ್ತು. ವರ್ಷಗಟ್ಟಲೆ ಆತ ಇದನ್ನೇ ಮಾಡಿದ. ಒಂದು ದಿನ ಮೀಥೇನ್ ಅನಿಲ ಉತ್ಪಾದಿಸುವ ಸೂಕ್ಷ್ಮಜೀವಿಯೊಂದರ ಫಿಲ್ಮ್ ಬಂತು. ಪ್ರತಿ ಬ್ಯಾಕ್ಟೀರಿಯಾದಲ್ಲೂ ಇರಲೇಬೇಕಾದ ಚುಕ್ಕೆಗಳು ಅದರಲ್ಲಿ ಇರಲಿಲ್ಲ. ನೋಟಕ್ಕೆ ಬ್ಯಾಕ್ಟೀರಿಯಾ, ವಂಶದಲ್ಲಿ ಬೇರೆ. ಜಾರ್ಜ್ ಫಾಕ್ಸ್ ಜೊತೆ ಆತ ಇದನ್ನು ಪ್ರಕಟಿಸಿದ್ದು 1977ರಲ್ಲಿ. ಆ ಗುಂಪಿಗೆ ಈಗ ಆರ್ಕಿಯಾ ಎಂದು ಹೆಸರು. ಕುದಿಯುವ ಬುಗ್ಗೆಗಳಲ್ಲಿ, ಉಪ್ಪು ಹೆಪ್ಪುಗಟ್ಟುವ ನೀರಿನಲ್ಲಿ, ಹಸುವಿನ ಹೊಟ್ಟೆಯಲ್ಲಿ ಇವು ಇವೆ. 1990ರಲ್ಲಿ ವೋಸ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾ, ಆರ್ಕಿಯಾ, ಮತ್ತು ಕೋಶಕೇಂದ್ರವುಳ್ಳ ಜೀವಿಗಳ ಯೂಕೇರಿಯಾ ಎಂಬ ಮೂರು ಡೊಮೈನ್‌ಗಳನ್ನು ಮುಂದಿಟ್ಟರು.

ಈಗ ನಿನ್ನ ಐದನ್ನು ಈ ಮೂರರ ಮೇಲಿಟ್ಟು ನೋಡು. ನಿನ್ನ ಮೊನೆರಾ ಒಡೆದು ಬ್ಯಾಕ್ಟೀರಿಯಾ, ಆರ್ಕಿಯಾ ಎಂದು ಎರಡು ಡೊಮೈನ್ ಆಯಿತು. ಪ್ರೊಟಿಸ್ಟಾ, ಶಿಲೀಂಧ್ರ, ಸಸ್ಯ, ಪ್ರಾಣಿ ನಾಲ್ಕೂ ಸೇರಿ ಒಂದೇ ಡೊಮೈನ್‌ನಲ್ಲಿ ಕುಳಿತವು. ಆನೆಗೂ ಆಲದ ಮರಕ್ಕೂ ನಡುವಿನ ಅಂತರಕ್ಕಿಂತ, ಕಣ್ಣಿಗೇ ಕಾಣದ ಎರಡು ಕಡ್ಡಿಯಾಕಾರದ ಜೀವಿಗಳ ನಡುವಿನ ಅಂತರ ಹೆಚ್ಚು ಇರಬಹುದು. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಕತೆ ಇನ್ನೂ ನಡೆಯುತ್ತಿದೆ. ಆರ್ಕ್ಟಿಕ್ ಸಾಗರದ ತಳದಲ್ಲಿ ‘ಲೋಕಿಯ ಕೋಟೆ’ ಎಂಬ ಬಿಸಿನೀರಿನ ಚಿಲುಮೆಗಳಿವೆ. ಅವುಗಳ ಸಮೀಪದ ಕೆಸರಿನಿಂದ ಸಿಕ್ಕ ಆರ್ಕಿಯಾ ಗುಂಪೊಂದನ್ನು 2015ರಲ್ಲಿ ವಿವರಿಸಿದರು. ನಮ್ಮಂಥ ಕೋಶಕೇಂದ್ರವುಳ್ಳ ಜೀವಿಗಳಲ್ಲಿ ಮಾತ್ರ ಇವೆಯೆಂದು ನಂಬಿದ್ದ ಕೆಲವು ಜೀನುಗಳು ಅದರಲ್ಲಿದ್ದವು. ನಾವು ಆರ್ಕಿಯಾದ ಪಕ್ಕದ ಕೊಂಬೆಯಲ್ಲ, ಅದರೊಳಗಿಂದಲೇ ಚಿಗುರಿದವರು ಎಂದು ಈಗ ಅನೇಕ ವಿಜ್ಞಾನಿಗಳು ವಾದಿಸುತ್ತಾರೆ. ಅವರ ಮಾತು ನಿಂತರೆ ಡೊಮೈನ್‌ಗಳು ಎರಡೇ. ನಿನ್ನ ತಂಗಿಯ ಪುಸ್ತಕದಲ್ಲಿ ಮತ್ತೆ ಎರಡು ಎಂದಿದ್ದರೆ ಅಜ್ಜನ ಎರಡೇ ಮರಳಿತೆಂದು ತಿಳಿಯಬೇಡ, ಈ ಎರಡು ಬೇರೆ.

ಪ್ರಶ್ನೆ: ಅಣಬೆ ತರಕಾರಿಗಿಂತ ಪ್ರಾಣಿಗೆ ಹತ್ತಿರ ಎಂದು ಎಲ್ಲೋ ಓದಿದೆ. ಇದು ಉತ್ಪ್ರೇಕ್ಷೆಯಲ್ಲವೇ?
— ಗೃಹಿಣಿಯೊಬ್ಬರು

ಉತ್ತರ: ಉತ್ಪ್ರೇಕ್ಷೆಯಲ್ಲ, ನೀವು ಓದಿದ್ದು ನಿಜ. ಈ ಪ್ರಶ್ನೆಗೆ ನಾನು ಒಬ್ಬಳು ಹುಡುಗಿಗೆ ಉತ್ತರದ ಸಾಲಗಾರಳು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮೇಡಂ, ಅಣಬೆಗೆ ಎಲೆಯಿಲ್ಲ, ಹಸಿರಿಲ್ಲ, ಬೇರಿಲ್ಲ. ಅದು ಹೇಗೆ ಸಸ್ಯವಾಯಿತು?” ನಾನು, “ಮಣ್ಣಿನಿಂದ ಮೇಲೆದ್ದು ನಿಂತಿರುತ್ತದೆ, ನಡೆದಾಡುವುದಿಲ್ಲ, ಆದ್ದರಿಂದ ಸಸ್ಯ” ಎಂದು ಹೇಳಿ ಕೂರಿಸಿದೆ. ಅವಳು ಕುಳಿತಳು, ಒಪ್ಪಲಿಲ್ಲ, ಮುಖದಲ್ಲೇ ತಿಳಿಯುತ್ತಿತ್ತು. ಅವಳು ನೋಡಿದ್ದು ಸರಿಯಾಗಿತ್ತು. ನನ್ನ ಉತ್ತರ ತಪ್ಪಾಗಿತ್ತು.

ಅಣಬೆಯ ಜೀವಕೋಶದ ಗೋಡೆಯಲ್ಲಿ ಇರುವುದು ಕೈಟಿನ್. ಸಿಗಡಿಯ ಚಿಪ್ಪಿನಲ್ಲಿ, ಜೀರುಂಡೆಯ ಕವಚದಲ್ಲಿ ಇರುವುದೂ ಅದೇ. ಸಸ್ಯದ ಗೋಡೆಯದು ಸೆಲ್ಯುಲೋಸ್. ಸಸ್ಯಗಳು ಉಳಿತಾಯದ ಸಕ್ಕರೆಯನ್ನು ಪಿಷ್ಟವಾಗಿ ಕೂಡಿಡುತ್ತವೆ, ಅಣಬೆ ಗ್ಲೈಕೋಜನ್ ಆಗಿ; ನಮ್ಮ ಯಕೃತ್ತು ಮಾಡುವಂತೆಯೇ. ಕೆಲವು ಸರಳ ಶಿಲೀಂಧ್ರಗಳ ಈಜುವ ಕೋಶಗಳಿಗೆ ಹಿಂದೆ ಒಂದೇ ಒಂದು ಬಾಲವಿರುತ್ತದೆ, ಪ್ರಾಣಿಗಳ ವೀರ್ಯಾಣುವಿಗೆ ಇರುವ ಹಾಗೆ. 1990ರ ದಶಕದಲ್ಲಿ ಅಣುಗಳ ಸಾಲುಗಳನ್ನು ಹೋಲಿಸಿದಾಗಲೂ ಇದೇ ಬಂತು: ಶಿಲೀಂಧ್ರ ಮತ್ತು ಪ್ರಾಣಿ ಒಂದೇ ಕೊಂಬೆಯ ಎರಡು ಟಿಸಿಲು, ಸಸ್ಯ ಬೇರೆ ಕೊಂಬೆ.

ಇದು ಕೇವಲ ಪುಸ್ತಕದ ಸಂಗತಿಯಲ್ಲ. ಬ್ಯಾಕ್ಟೀರಿಯಾ ಸೋಂಕಿಗೆ ಔಷಧ ಕೊಡುವುದು ಸುಲಭ, ಏಕೆಂದರೆ ಅದರ ಗೋಡೆ, ಅದರ ರೈಬೋಸೋಮ್ ನಮ್ಮದಕ್ಕಿಂತ ಬೇರೆ. ಅದಕ್ಕೆ ಹೊಡೆದರೆ ನಮಗೆ ತಾಗುವುದು ಕಡಿಮೆ. ಶರೀರದ ಒಳಗೆ ಸೇರಿದ ಶಿಲೀಂಧ್ರದ ಸೋಂಕಿಗೆ ಔಷಧಗಳು ಕಡಿಮೆ, ಅಡ್ಡಪರಿಣಾಮವೂ ಹೆಚ್ಚು. ನೆಂಟರಾದ್ದರಿಂದ ಅವುಗಳ ಕೋಶವನ್ನು ಕೆಡಿಸುವುದು ನಮ್ಮ ಕೋಶವನ್ನೂ ಕೆಡಿಸಬಲ್ಲದು.

ಇನ್ನೊಂದು ಎಚ್ಚರಿಕೆ. ಬೂಷ್ಟಿನಂತೆ ಕಂಡದ್ದೆಲ್ಲ ಶಿಲೀಂಧ್ರವಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಮಹಾಕ್ಷಾಮಕ್ಕೆ ದಾರಿ ಮಾಡಿದ ಫೈಟಾಫ್ತೊರವನ್ನು ಬಹುಕಾಲ ಶಿಲೀಂಧ್ರವೆಂದೇ ಕಲಿಸುತ್ತಿದ್ದೆವು. ಅದೇ ರೀತಿ ಎಳೆಗಳಾಗಿ ಹಬ್ಬುತ್ತದೆ, ಅದೇ ರೀತಿ ಹೀರುತ್ತದೆ. ಆದರೆ ಅದರ ಗೋಡೆಯಲ್ಲಿ ಸೆಲ್ಯುಲೋಸ್ ಇದೆ. ಅದರ ನಿಜವಾದ ನೆಂಟರು ಸಮುದ್ರದ ಕಂದು ಪಾಚಿಗಳು. ಹಾಗಾಗಿಯೇ ಶಿಲೀಂಧ್ರದ ಪೊರೆಗೆ ಗುರಿಯಿಟ್ಟ ಹಲವು ಔಷಧಗಳು ಇದರ ಮೇಲೆ ಕೆಲಸ ಮಾಡುವುದಿಲ್ಲ.

ಆ ಹುಡುಗಿ ಈಗ ಎಲ್ಲಿದ್ದಾಳೋ. ಈ ಅಂಕಣ ಅವಳ ಕಣ್ಣಿಗೆ ಬೀಳಲಿ ಎಂದು ಮನಸಾರೆ ಹಾರೈಸುತ್ತೇನೆ.

ಪ್ರಶ್ನೆ: ತಾವರೆ, ನೈದಿಲೆ ಎರಡೂ ಒಂದೇ ಕುಟುಂಬದವು ತಾನೆ?
— ತೋಟಗಾರಿಕೆಯ ಆಸಕ್ತರು

ಉತ್ತರ: ನಾನೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದೆ. ಒಂದೇ ಕೊಳ, ಒಂದೇ ಬಗೆಯ ದುಂಡನೆಯ ಎಲೆ, ಒಂದೇ ಬಗೆಯ ಎಸಳು. ಹಳೆಯ ಸಸ್ಯಶಾಸ್ತ್ರಜ್ಞರು ಎರಡನ್ನೂ ಕೂಡಿಸಿಯೇ ಇಟ್ಟಿದ್ದರು. ಆದರೆ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ನೈದಿಲೆಯ ಎಲೆಗೆ ತೊಟ್ಟಿನ ತನಕ ಒಂದು ಸೀಳು ಇರುತ್ತದೆ, ನೀರಿನ ಮೇಲೆ ಅಂಟಿದಂತೆ ಮಲಗಿರುತ್ತದೆ. ತಾವರೆಯ ಎಲೆಗೆ ಸೀಳಿಲ್ಲ. ತೊಟ್ಟು ಎಲೆಯ ನಟ್ಟನಡುವೆ ಸೇರುತ್ತದೆ. ಬೆಳೆದ ಎಲೆ ನೀರಿನಿಂದ ಎದ್ದು ನಿಲ್ಲುತ್ತದೆ, ಹನಿ ಬಿದ್ದರೆ ಮುತ್ತಾಗಿ ಉರುಳಿಹೋಗುತ್ತದೆ. ಹೂವು ಉದುರಿದ ಮೇಲೆ ತಾವರೆಯಲ್ಲಿ ಉಳಿಯುವ ಆ ತೂತು ತೂತಿನ ಕಮಲದ ಬಟ್ಟಲು, ಒಂದೊಂದು ತೂತಿನಲ್ಲಿ ಒಂದೊಂದು ಬೀಜ, ನೈದಿಲೆಯಲ್ಲಿ ಕಾಣುವುದೇ ಇಲ್ಲ.

ಡಿಎನ್‌ಎ ಹೋಲಿಸಿದಾಗ ಇದರ ಅರ್ಥ ತಿಳಿಯಿತು. ನೈದಿಲೆಯ ವಂಶ ಹೂ ಬಿಡುವ ಸಸ್ಯಗಳ ಮರದಲ್ಲಿ ತೀರ ಕೆಳಗೇ, ಬಹಳ ಮೊದಲೇ ಕವಲೊಡೆದದ್ದು. ತಾವರೆಯ ಬದುಕಿರುವ ಹತ್ತಿರದ ನೆಂಟರು ನೀರಿಗೇ ಇಳಿಯದವು: ದೊಡ್ಡದಾಗಿ ಬೆಳೆಯುವ ಪ್ಲೇನ್ ಮರ, ಪ್ರೋಟಿಯಾ ಎಂಬ ಪೊದೆಗಿಡಗಳು, ಮಕಾಡಾಮಿಯಾ ಕಾಯಿಯ ಮರ. ನೀರಿನಲ್ಲಿ ಬಾಳಿದ್ದರಿಂದ ಇಬ್ಬರ ರೂಪವೂ ಒಂದೇ ಆಯಿತು. ಒಂದೇ ವೃತ್ತಿಯವರು ಒಂದೇ ಬಗೆಯ ಉಡುಪು ತೊಟ್ಟರೆ ಒಡಹುಟ್ಟಿದವರಾಗುವುದಿಲ್ಲವಲ್ಲ.

ಪ್ರಶ್ನೆ: ‘ಮೀನು ಎಂಬ ಗುಂಪೇ ಇಲ್ಲ’ ಎಂದು ಮಗ ವಾದಿಸುತ್ತಾನೆ. ಕಣ್ಣ ಮುಂದೆ ಮೀನಿದೆಯಲ್ಲ!
— ನಿವೃತ್ತ ಬ್ಯಾಂಕ್ ನೌಕರರು

ಉತ್ತರ: ಮೀನು ಇದೆ ಸರ್, ಆ ಮಾತನ್ನು ನಿಶ್ಚಿಂತೆಯಿಂದ ಬಳಸಿ. ನಿಮ್ಮ ಮಗ ಹೇಳುವುದು ವಂಶಾವಳಿಯ ಲೆಕ್ಕ. 1950ರಲ್ಲಿ ಜರ್ಮನಿಯ ಕೀಟವಿಜ್ಞಾನಿ ವಿಲ್ಲಿ ಹೆನಿಗ್ ಒಂದು ಕಟ್ಟುನಿಟ್ಟಾದ ನಿಯಮ ಹಾಕಿದ: ಒಂದು ಗುಂಪು ಎಂದರೆ ಒಬ್ಬ ಪೂರ್ವಜ ಮತ್ತು ಆ ಪೂರ್ವಜನ ಎಲ್ಲ ಸಂತತಿ, ಯಾರನ್ನೂ ಬಿಡುವಂತಿಲ್ಲ. ಶ್ವಾಸಕೋಶವಿರುವ ಲಂಗ್‌ಫಿಶ್ ಎಂಬ ಮೀನು ಇದೆ. ವಂಶದಲ್ಲಿ ಅದು ಶಾರ್ಕಿಗಿಂತಲೂ ಸಾಮಾನ್ಯ ಮೀನುಗಳಿಗಿಂತಲೂ ಹಸುವಿಗೆ ಹತ್ತಿರ. ಶಾರ್ಕ್ ಮತ್ತು ಲಂಗ್‌ಫಿಶ್ ಎರಡನ್ನೂ ‘ಮೀನು’ ಎಂದು ಒಂದೇ ಗುಂಪಿಗೆ ಹಾಕಿದರೆ, ಹಸುವನ್ನೂ ನಮ್ಮನ್ನೂ ಹೊರಗಿಡಲು ಕಾರಣ ಉಳಿಯುವುದಿಲ್ಲ.

ಸರೀಸೃಪಗಳದೂ ಇದೇ ಕತೆ: ಮೊಸಳೆ ಹಲ್ಲಿಗಿಂತ ಹಕ್ಕಿಗೆ ಹತ್ತಿರ, ಅದರ ಹೃದಯಕ್ಕೂ ಹಕ್ಕಿಯ ಹಾಗೆ ನಾಲ್ಕು ಕೋಣೆ. ಗೆದ್ದಲಿಗೆ ಒಂದು ಪ್ರತ್ಯೇಕ ಗಣವೇ ಇತ್ತು. 2007ರ ಅಧ್ಯಯನವೊಂದು ಅವು ಜಿರಲೆಗಳ ವಂಶದೊಳಗಿನವೇ ಎಂದು ತೋರಿಸಿತು, ಈಗ ಅವನ್ನು ಜಿರಲೆಯ ಗಣದಲ್ಲೇ ಸೇರಿಸುತ್ತಾರೆ. ಮಗನಿಗೆ ನನ್ನ ಶಹಬ್ಬಾಸ್ ತಿಳಿಸಿ.

ಪ್ರಶ್ನೆ: ವೈಜ್ಞಾನಿಕ ಹೆಸರುಗಳು ಏಕೆ ಇಷ್ಟು ಕಠಿಣ?
— ಹತ್ತನೇ ತರಗತಿ

ಉತ್ತರ: ಮೊದಲು ಇನ್ನೂ ಕಠಿಣವಾಗಿದ್ದವು. ಕಾಗದದಂಥ ಚೀಲದೊಳಗೆ ಹಣ್ಣು ಬಿಡುವ ಒಂದು ಗಿಡಕ್ಕೆ ‘ಫೈಸಾಲಿಸ್ ಆನುವಾ ರಾಮೊಸಿಸ್ಸಿಮಾ, ರಾಮಿಸ್ ಆಂಗುಲೋಸಿಸ್ ಗ್ಲಾಬ್ರಿಸ್, ಫೋಲಿಯಿಸ್ ಡೆಂಟಾಟೊ-ಸೆರಾಟಿಸ್’ ಎಂದು ಹೆಸರಿತ್ತು. ಹೆಸರೇನು, ಗಿಡದ ಪೂರ್ತಿ ವರ್ಣನೆಯೇ ಅದು. ಲಿನೇಯಸ್ 1753ರಲ್ಲಿ ಅದನ್ನು ‘ಫೈಸಾಲಿಸ್ ಆಂಗುಲಾಟಾ’ ಎಂದು ಎರಡೇ ಪದಕ್ಕೆ ಇಳಿಸಿದ. ಮೊದಲನೆಯದು ಜಾತಿ, ಎರಡನೆಯದು ಪ್ರಭೇದವನ್ನು ಗುರುತಿಸುವ ಪದ. ಎರಡು ಪದ ಕಲಿಯಬಹುದು, ಧೈರ್ಯವಾಗಿರು.

ಪ್ರಶ್ನೆ: ವೈರಸ್ ಯಾವ ಸಾಮ್ರಾಜ್ಯಕ್ಕೆ ಸೇರಿದ್ದು?
— ಔಷಧ ಅಂಗಡಿಯ ಉದ್ಯೋಗಿ

ಉತ್ತರ: ಐದರಲ್ಲಿ ಯಾವುದಕ್ಕೂ ಇಲ್ಲ, ಮೂರರಲ್ಲೂ ಇಲ್ಲ. ಮೇಲೆ ಹೇಳಿದ ರೈಬೋಸೋಮ್ ಅದಕ್ಕಿಲ್ಲ, ಆದ್ದರಿಂದ ವೋಸ್ ಓದಿದ ಸಾಲನ್ನು ಅದರಲ್ಲಿ ಹುಡುಕಲಾಗದು. ಎಲ್ಲ ವೈರಸ್‌ಗಳಲ್ಲೂ ಇರುವ ಒಂದೇ ಒಂದು ಜೀನು ಕೂಡ ಇಲ್ಲ. ಅವು ಒಬ್ಬನೇ ಪೂರ್ವಜನ ಮಕ್ಕಳಲ್ಲ, ಹಲವು ಕಡೆ ಹಲವು ಸಲ ಹುಟ್ಟಿದವು ಎನ್ನುವುದೇ ಹೆಚ್ಚು ಸರಿಯೆಂದು ಕಾಣುತ್ತದೆ. ವೈರಸ್‌ತಜ್ಞರು ಅವಕ್ಕೆ ಪ್ರತ್ಯೇಕ ವರ್ಗೀಕರಣ ಮಾಡಿಕೊಂಡಿದ್ದಾರೆ. ಡೇವಿಡ್ ಬಾಲ್ಟಿಮೋರ್ 1971ರಲ್ಲಿ ಕೊಟ್ಟ ವಿಧಾನ, ವೈರಸ್‌ನೊಳಗೆ ಡಿಎನ್‌ಎ ಇದೆಯೋ ಆರ್‌ಎನ್‌ಎ ಇದೆಯೋ, ಒಂಟಿ ಎಳೆಯೋ ಜೋಡಿ ಎಳೆಯೋ, ಅದರಿಂದ ಸಂದೇಶ ಹೇಗೆ ತಯಾರಾಗುತ್ತದೆ ಎಂದು ನೋಡುತ್ತದೆ. ಇಷ್ಟಾದರೂ ಅಚ್ಚರಿ ಮುಗಿಯಲಿಲ್ಲ. 1992ರಲ್ಲಿ ಅಮೀಬಾದೊಳಗೆ ಸಿಕ್ಕ ಒಂದನ್ನು ಗಾತ್ರ ನೋಡಿ ಬ್ಯಾಕ್ಟೀರಿಯಾ ಎಂದು ತಿಳಿದಿದ್ದರು; ಅದು ವೈರಸ್ ಎಂದು ಪ್ರಕಟವಾದದ್ದು 2003ರಲ್ಲಿ. ಅದಕ್ಕೆ ಮಿಮಿವೈರಸ್ ಎಂದು ಹೆಸರಿಟ್ಟರು.

ಪ್ರಶ್ನೆ: ಹೊಸ ಸೂಕ್ಷ್ಮದರ್ಶಕದಲ್ಲಿ ಕೊಳದ ನೀರು ನೋಡಿದೆ. ಹಸಿರು ಬಣ್ಣದ, ಉದ್ದನೆಯ ಒಂದು ಜೀವಿ ಈಜುತ್ತಿತ್ತು. ಹಸಿರಾಗಿದ್ದರೆ ಸಸ್ಯ, ಈಜಿದರೆ ಪ್ರಾಣಿ. ಇದೇನು?
— ಎಂಟನೇ ತರಗತಿಯ ವಿದ್ಯಾರ್ಥಿ

ಉತ್ತರ: ನೀನು ನೋಡಿದ್ದು ಯೂಗ್ಲೀನಾ ಇರಬೇಕು, ಪುಟ್ಟ. ಗುರುತು ಹೇಳುತ್ತೇನೆ: ಮುಂದಿನ ತುದಿಯ ಹತ್ತಿರ ಕೆಂಪು ಚುಕ್ಕೆಯೊಂದಿದೆಯೇ ನೋಡು. ಅದು ಬೆಳಕಿನ ದಿಕ್ಕು ತಿಳಿಯಲು ನೆರವಾಗುವ ಕಣ್ಚುಕ್ಕೆ. ಅದೇ ತುದಿಯಿಂದ ಕೂದಲಿನಂಥ ಕಶಾಂಗ ಹೊರಟಿರುತ್ತದೆ. ಬೆಳಕನ್ನು ಸ್ವಲ್ಪ ತಗ್ಗಿಸಿದರೆ ಅದು ಮಿಡಿಯುವುದು ಕಾಣುತ್ತದೆ. ನಿಂತಾಗ ಇಡೀ ಮೈ ಉಬ್ಬಿ ಕುಗ್ಗಿ ಹೊರಳುತ್ತದೆ, ಏಕೆಂದರೆ ಅದಕ್ಕೆ ಸಸ್ಯಕೋಶದ ಗಟ್ಟಿ ಗೋಡೆಯಿಲ್ಲ.

ನಿನ್ನ ಗೊಂದಲ ದೊಡ್ಡವರದೂ ಆಗಿತ್ತು. ಸಸ್ಯಶಾಸ್ತ್ರಜ್ಞರೂ ಪ್ರಾಣಿಶಾಸ್ತ್ರಜ್ಞರೂ ಯೂಗ್ಲೀನಾವನ್ನು ತಮ್ಮ ತಮ್ಮ ಪುಸ್ತಕಗಳಲ್ಲಿ ಸೇರಿಸಿಕೊಂಡಿದ್ದರು. ನಿಜವಾದ ಉತ್ತರ ಇಬ್ಬರ ಊಹೆಗಿಂತಲೂ ಚೆನ್ನಾಗಿದೆ. ಅದರ ಪೂರ್ವಜ ಹಸಿರು ಇಲ್ಲದ, ಬೇಟೆಯಾಡುವ ಒಂಟಿಕೋಶ. ಎಂದೋ ಒಮ್ಮೆ ಅದು ಹಸಿರು ಪಾಚಿಯೊಂದನ್ನು ನುಂಗಿತು, ಅರಗಿಸಲಿಲ್ಲ, ಒಳಗೇ ಇಟ್ಟುಕೊಂಡಿತು. ನೀನು ಕಂಡ ಹಸಿರು ಆ ಪಾಚಿಯಿಂದ ಉಳಿದದ್ದು. ಸಸ್ಯದ ಹಸಿರುಕಣಕ್ಕೆ ಎರಡು ಪೊರೆ, ಯೂಗ್ಲೀನಾದ ಹಸಿರುಕಣಕ್ಕೆ ಮೂರು. ನುಂಗಿದ್ದಕ್ಕೆ ಸಾಕ್ಷಿ ಅಲ್ಲೇ ಇದೆ. ಸಸ್ಯಗಳ ಹಸಿರುಕಣವೂ ನಮ್ಮ ಕೋಶಗಳಲ್ಲಿರುವ ಮೈಟೋಕಾಂಡ್ರಿಯವೂ ಒಳಗೆ ಸೇರಿಕೊಂಡ ಬ್ಯಾಕ್ಟೀರಿಯಾಗಳ ಸಂತತಿ ಎಂದು ಅಮೆರಿಕದ ಲಿನ್ ಮಾರ್ಗುಲಿಸ್ 1967ರಲ್ಲಿ ಬರೆದಾಗ ಬಹಳ ಜನ ನಂಬಲಿಲ್ಲ. ಈಗ ಅದು ಪಠ್ಯದಲ್ಲಿದೆ. ವಂಶಾವಳಿಯ ಮರದಲ್ಲಿ ಕೊಂಬೆಗಳು ಕವಲೊಡೆಯುವುದಷ್ಟೇ ಅಲ್ಲ, ಹೀಗೆ ಅಪರೂಪಕ್ಕೆ ಎರಡು ಕೊಂಬೆ ಕೂಡಿಕೊಳ್ಳುವುದೂ ಉಂಟು.

ಹಾಗಾದರೆ ಯೂಗ್ಲೀನಾ ಎಲ್ಲಿ ಸೇರಿತು? ನಿನ್ನ ಪುಸ್ತಕ ಪ್ರೊಟಿಸ್ಟಾ ಎನ್ನುತ್ತದೆ. ಸದ್ಯಕ್ಕೆ ಅದೇ ಇರಲಿ. ಆದರೆ ಪ್ರೊಟಿಸ್ಟಾ ಎಂಬುದು ಸಸ್ಯ, ಪ್ರಾಣಿ, ಶಿಲೀಂಧ್ರ ಯಾವುದೂ ಅಲ್ಲದವನ್ನೆಲ್ಲ ಸೇರಿಸಿಟ್ಟ ಕೋಣೆ; ಅದರೊಳಗಿನವರು ಒಬ್ಬರಿಗೊಬ್ಬರು ಹತ್ತಿರದ ನೆಂಟರೇನಲ್ಲ. ಆ ಕೋಣೆಯನ್ನು ವಿಂಗಡಿಸುವ ಕೆಲಸ ಈಗಲೂ ನಡೆದಿದೆ.

ಒಂದು ಕೆಲಸ ಕೊಡುತ್ತೇನೆ. ಹಸಿರು ಜೀವಿಗಳು ಚೆನ್ನಾಗಿರುವ ನೀರನ್ನು ಒಂದು ಚಿಕ್ಕ ಗಾಜಿನ ತಟ್ಟೆಯಲ್ಲಿ ಹಾಕು. ಅರ್ಧ ತಟ್ಟೆಗೆ ಕಪ್ಪು ಕಾಗದ ಮುಚ್ಚಿ, ಬೆಳಕು ಬೀಳುವ ಕಿಟಕಿಯ ಬಳಿ ಇಡು. ನೇರ ಬಿಸಿಲು ಬೇಡ, ಹೆಚ್ಚು ಬಿಸಿಲಿದ್ದರೆ ಅವು ಬೆಳಕಿನಿಂದ ದೂರ ಸರಿಯುತ್ತವೆ. ಅರ್ಧ ಗಂಟೆ ಕಳೆದು ಕಾಗದ ತೆಗೆದು, ಎರಡೂ ಬದಿಯಿಂದ ಒಂದೊಂದು ಹನಿ ನೋಡಿ ಎಣಿಸು. ಎಣಿಕೆ ಎಷ್ಟು ಬಂತೆಂದು ನನಗೆ ಬರೆ.